ಫ್ರೂಟ್ ಸಲಾಡ್ ಕಹಿಯಾಗೋದು ನಿಂತಿದ್ದು ಹೀಗೆ

ದೀಪಾವಳಿ ರಜೆಗೆ ಮಕ್ಕಳೆಲ್ಲ ಸಾಗರದ ನಮ್ಮ ಮನೆಗೆ ಬಂದರೆ, ಗೋಪೂಜೆ ದಿನದ ಫ್ರೂಟ್ ಸಲಾಡ್ ಅವರದ್ದೇ ಜವಾಬ್ದಾರಿ. ಈ ಸಲ ಬೆಳಿಗ್ಗೆ ಮಾಡಿಟ್ಟಿದ್ದು ಊಟದ ಹೊತ್ತಿಗೆ ನೀರು ನೀರಾಗಿ ಕಹಿ ಹೊಡೆಯಿತು. ಹಾಲು ಕೆಟ್ಟಿದೆ ಎಂದರು ಅತ್ತೆ, ಕಸ್ಟರ್ಡ್ ಪುಡಿ ಹಳೇದು ಎಂದರು ಭಾವ. ಎರಡೂ ಅಲ್ಲ.

ಉಳಿದ ಹಣ್ಣನ್ನು ಬೇರೆ ಬೇರೆ ಲೋಟಕ್ಕೆ ಹಾಕಿ, ಹೊಸ ಕಸ್ಟರ್ಡ್ ಸುರಿದು ಇಟ್ಟೆವು. ಬಾಳೆಹಣ್ಣು, ದಾಳಿಂಬೆ, ಸೇಬು ಚೆನ್ನಾಗೇ ಇದ್ದವು. ಅನಾನಸ್ ಲೋಟ ಮಾತ್ರ ಕಹಿ. ಅದನ್ನು ರುಚಿ ನೋಡಿದ ತಂಗಿ ಮಗಳ ಮುಖ ನೋಡಬೇಕಿತ್ತು!

ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಆ ಚೂರುಗಳೇ ಕಹಿ. ಫ್ರಿಜ್‌ನಲ್ಲಿಟ್ಟರೆ ಅದರ ಕೆಲಸ ನಿಧಾನ ಆಗುತ್ತದೆ ಅಷ್ಟೇ. ಚೆನ್ನಾಗಿ ಬೇಯಿಸಿದರೆ ನಿಲ್ಲುತ್ತದೆ. ಹಾಗಾಗಿ ಈಗ ಹೆಚ್ಚಿದ ಅನಾನಸ್‌ಗೆ ಎರಡು ಚಮಚ ಸಕ್ಕರೆ ಹಾಕಿ ಬಾಣಲೆಗೆ ಹಾಕುತ್ತೇವೆ. ಅದು ತನ್ನದೇ ರಸ ಬಿಟ್ಟು ಕೊತಕೊತ ಕುದಿಯಲು ಶುರುವಾದ ಮೇಲೆ ಸುಮಾರು 5 ನಿಮಿಷ ಬೇಯಬೇಕು. ಹೋಳಿನ ಹಸಿ ಬಿಳುಪು ಹೋಗಿ ಗಾಜಿನ ಹಾಗೆ ಹೊಳೆಯುತ್ತದೆ. ಪೂರ್ತಿ ಆರಿದ ಮೇಲೇ ಕಸ್ಟರ್ಡ್‌ಗೆ.

ಒಲೆ ಕೆಲಸ ದೊಡ್ಡವರದ್ದು. ದಾಳಿಂಬೆ ಬಿಡಿಸೋದು, ಬಾಳೆಹಣ್ಣು ಹೆಚ್ಚೋದು ಮಕ್ಕಳದ್ದು, ಅರ್ಧ ಅಲ್ಲೇ ಖಾಲಿಯಾಗುತ್ತದೆ ಅನ್ನೋದು ಬೇರೆ ಮಾತು. ಬಾಳೆಹಣ್ಣಿಗೆ ಸ್ವಲ್ಪ ನಿಂಬೆರಸ ಸವರಿದರೆ ಬೇಗ ಕಪ್ಪಾಗಲ್ಲ.

ಪಪ್ಪಾಯಿಯಲ್ಲೂ ಇಂಥದ್ದೇ ಕಿಣ್ವ ಇದೆ. ಅದನ್ನು ಬೇಯಿಸಿದರೆ ಸುಮ್ನೆ ಮುದ್ದೆಯಾಗುತ್ತದೆ, ಅಲ್ವಾ? ಬಡಿಸುವಾಗ ಮೇಲೆ ಉದುರಿಸಿದರಾಯಿತು.