ಹಳೆಯ ಕೀಬೋರ್ಡ್, ಮೌಸ್ ಜೋಡಿಸುವ ಮುನ್ನ ಪ್ಲಗ್ ನೋಡಿ

ಹಳೆಯ ಕೀಬೋರ್ಡ್ ಎಸೆಯುವ ಮೊದಲು ಅದರ ವೈರಿನ ತುದಿ ನೋಡಿ. ಕೆಟ್ಟಿದೆ ಎಂದು ಮೂಲೆ ಸೇರಿದ ಎಷ್ಟೋ ಕೀಬೋರ್ಡುಗಳು ಚೆನ್ನಾಗಿಯೇ ಇರುತ್ತವೆ, ಹಾಕಿದ ಕನ್ವರ್ಟರ್ ತಪ್ಪಾಗಿರುತ್ತದೆ. ಪ್ಲಗ್ ಕೂತ ಮಾತ್ರಕ್ಕೆ ಕೆಲಸ ಆಗದು. ಎರಡೂ ಕಡೆಯ ಸಂಕೇತ, ಅಂದರೆ ಅವು ಮಾತಾಡುವ ಭಾಷೆ, ಒಂದೇ ಇರಬೇಕು.

ಸುಮಾರು 13 ಮಿ.ಮೀ. ಅಗಲದ ದೊಡ್ಡ ದುಂಡು ಪ್ಲಗ್, ಒಳಗೆ 5 ಪಿನ್ ಇದ್ದರೆ ಅದು ಡಿನ್. 1981ರ ಐಬಿಎಂ ಪಿಸಿಯಲ್ಲೂ 1984ರ ಎಟಿಯಲ್ಲೂ ಇದೇ ಪ್ಲಗ್, ಆದರೆ ಸಂಕೇತ ಬೇರೆ. ಎಟಿ ಕೀಬೋರ್ಡಾದರೆ ಪಿಎಸ್/2 (ಮುಂದೆ ಹೇಳುವ ಚಿಕ್ಕ ದುಂಡು) ಪೋರ್ಟಿಗೆ ಸಾಧಾರಣ ಅಡಾಪ್ಟರ್ ಸಾಕು. ಎಕ್ಸ್‌ಟಿ, ಅಂದರೆ ಹಳೆಯ ಪಿಸಿ ಸಂಕೇತದ ಕೀಬೋರ್ಡಾದರೆ ಆ ಅಡಾಪ್ಟರ್ ಕೆಲಸಕ್ಕೆ ಬಾರದು. ಕೀಬೋರ್ಡ್ ಮಗುಚಿ ನೋಡಿ: ಕೆಲವದರ ಅಡಿಯಲ್ಲಿ ಎಕ್ಸ್‌ಟಿ–ಎಟಿ ಸ್ವಿಚ್ ಇರುತ್ತದೆ, ಅದನ್ನು ಎಟಿ ಕಡೆಗೆ ಸರಿಸಿ.

ಚಿಕ್ಕ ದುಂಡು ಪ್ಲಗ್, 6 ಪಿನ್, ನಡುವೆ ಪ್ಲಾಸ್ಟಿಕ್ ಕಡ್ಡಿ: ಇದು 1987ರಲ್ಲಿ ಬಂದ ಪಿಎಸ್/2. ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರು ಮೌಸಿಗೆ. ಆಕಾರ ಒಂದೇ ಆದ್ದರಿಂದ ಅದಲುಬದಲಾದರೂ ಕೂರುತ್ತದೆ, ಆದರೆ ಹಳೆಯ ಮದರ್‌ಬೋರ್ಡುಗಳಲ್ಲಿ ಎರಡೂ ಕೆಲಸ ಮಾಡವು. ಅರ್ಧ ನೇರಳೆ, ಅರ್ಧ ಹಸಿರು ಪೋರ್ಟಿಗೆ ಯಾವುದಾದರೊಂದನ್ನು ಹಾಕಬಹುದು. ಎರಡೂ ಬೇಕಿದ್ದರೆ ಒಂದು ಪೋರ್ಟನ್ನು ಎರಡಾಗಿಸುವ ವೈ ಕೇಬಲ್ ತನ್ನಿ.

ಹಾಕುವಾಗ ಕಂಪ್ಯೂಟರ್ ಆಫ್ ಆಗಿರಲಿ. ಪ್ಲಗ್ಗಿನ ಬಾಣದ ಗುರುತು ಯಾವ ಕಡೆಗಿದೆ ನೋಡಿ, ಒತ್ತದೆ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಿ. ಕಡ್ಡಿ ತನ್ನ ತೂತಿಗೆ ಸಿಕ್ಕಿದಾಗ ಕೈಗೇ ಗೊತ್ತಾಗುತ್ತದೆ, ಆಗ ನೇರವಾಗಿ ತಳ್ಳಿ. ಬಲವಂತ ಮಾಡಿದರೆ ಪಿನ್ ಬಾಗುತ್ತದೆ. ಬಾಗಿದ ಪಿನ್ನಿಗೆ ನಿಬ್ ತೆಗೆದ ಖಾಲಿ ರೀಫಿಲ್ ತೊಡಿಸಿ ನಿಧಾನಕ್ಕೆ ಎತ್ತಿ. ಇಕ್ಕಳದಿಂದ ಹಿಡಿದೆಳೆದರೆ ಮುರಿಯುವುದೇ ಹೆಚ್ಚು.

ಆನ್ ಇರುವಾಗ ಮೌಸ್ ಪ್ಲಗ್ ಸಡಿಲಾದರೆ, ಮತ್ತೆ ಒತ್ತಿದರೂ ತೆರೆಯ ಮೇಲಿನ ಬಾಣ ಕದಲದೇ ಇರಬಹುದು. ಕರೆಂಟ್ ಹೋಗಿ ಬಂದ ಪಿಎಸ್/2 ಮೌಸ್, ಕಂಪ್ಯೂಟರ್ ಆಜ್ಞೆ ಕೊಡುವವರೆಗೆ ತನ್ನ ಚಲನೆಯನ್ನು ಕಳಿಸದು. ಆ ಆಜ್ಞೆ ಸಾಮಾನ್ಯವಾಗಿ ಸ್ಟಾರ್ಟ್ ಆಗುವಾಗ ಹೋಗುತ್ತದೆ. ರೀಸ್ಟಾರ್ಟ್ ಮಾಡಿ.

ಕೀಬೋರ್ಡ್ ಸತ್ತಂತಿದ್ದರೆ, ಆನ್ ಮಾಡಿದ ಕ್ಷಣ ಅದರ ಮೂರು ದೀಪಗಳನ್ನು ಗಮನಿಸಿ. ಒಮ್ಮೆ ಮಿನುಗಿದರೆ ಕರೆಂಟ್ ತಲುಪಿದೆ, ಡೇಟಾ ಅಥವಾ ಕ್ಲಾಕ್ ವೈರ್ ಅನುಮಾನಿಸಿ. ಮಿನುಗದಿದ್ದರೆ ಪೋರ್ಟಿನಲ್ಲೇ 5 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರಿನಿಂದ ನೋಡಿ: 4ನೇ ಪಿನ್ನಿನಲ್ಲಿ 5 ವೋಲ್ಟ್, 3ರಲ್ಲಿ ಗ್ರೌಂಡ್. ಸೊನ್ನೆ ತೋರಿಸಿದರೆ ಪೋರ್ಟಿನ ಹತ್ತಿರದ ಪುಟ್ಟ ಫ್ಯೂಸ್ ಹೋಗಿರಬಹುದು. ಡೇಟಾ 1ನೇ ಪಿನ್, ಕ್ಲಾಕ್ 5ನೇ ಪಿನ್. ಈ ನಾಲ್ಕು ವೈರುಗಳಷ್ಟೇ ಮುಖ್ಯ. ಬಹುತೇಕ ಬ್ರೇಕ್ ಆಗುವುದು ಪ್ಲಗ್ಗಿನ ಬುಡದಲ್ಲಿ, ಅಲ್ಲಿ ವೈರ್ ಅಲ್ಲಾಡಿಸುತ್ತ ಕಂಟಿನ್ಯೂಟಿ (ವೈರ್ ತುಂಡಾಗಿಲ್ಲವೇ ಎಂದು) ನೋಡಿ.

ಈಗ ಯುಎಸ್‌ಬಿಗೆ. ಹೆಬ್ಬೆರಳ ಗಾತ್ರದ ಅಡಾಪ್ಟರಿನೊಳಗೆ ಚಿಪ್ ಇರುವುದಿಲ್ಲ. ಎರಡೂ ಸಂಕೇತ ಬಲ್ಲ ಕೀಬೋರ್ಡ್, ಮೌಸುಗಳಿಗೆ ಮಾತ್ರ ಅದು ಆಗುತ್ತದೆ. ಅಪ್ಪಟ ಪಿಎಸ್/2 ಕೀಬೋರ್ಡಿಗೆ ಚಿಪ್ ಇರುವ ಕನ್ವರ್ಟರೇ ಬೇಕು. ಸಾಮಾನ್ಯವಾಗಿ ಅದು ಒಂದು ಯುಎಸ್‌ಬಿ ಪ್ಲಗ್, ನೇರಳೆ–ಹಸಿರು ಎರಡು ಸಾಕೆಟ್ ಇರುವ ಕೇಬಲ್. ಅಂಗಡಿಯಲ್ಲಿ “ಆಕ್ಟಿವ್ ಕನ್ವರ್ಟರ್” ಎಂದೇ ಕೇಳಿ, ಸಾಧ್ಯವಾದರೆ ಕೀಬೋರ್ಡನ್ನೇ ಒಯ್ದು ಟೆಸ್ಟ್ ಮಾಡಿ ತನ್ನಿ. ಹಳೆಯ ಭಾರಿ ಕೀಬೋರ್ಡುಗಳು ಕರೆಂಟ್ ಹೆಚ್ಚು ಎಳೆಯುತ್ತವೆ, ಅಗ್ಗದ ಕನ್ವರ್ಟರ್ ಸೋಲಬಹುದು.

ಇನ್ನು ಸೀರಿಯಲ್ ಮೌಸ್: ಚಪ್ಪಟೆ ಪ್ಲಗ್, ಎರಡು ಸಾಲಿನಲ್ಲಿ 9 ತೂತು. ಇದಕ್ಕೆ ಬೇರೆ ಪವರ್ ವೈರ್ ಇಲ್ಲ, ಪೋರ್ಟಿನ ಸಿಗ್ನಲ್ ವೈರುಗಳಿಂದಲೇ ಕರೆಂಟ್ ಪಡೆಯುತ್ತದೆ. ಹಾಗಾಗಿ ಯುಎಸ್‌ಬಿ–ಸೀರಿಯಲ್ ಕನ್ವರ್ಟರಿಗಿಂತ ಮದರ್‌ಬೋರ್ಡಿನ ಪೋರ್ಟನ್ನೇ ನಂಬಿ. ಸೀರಿಯಲ್ ಮೌಸನ್ನು ಪಿಎಸ್/2ಗೆ ಬದಲಿಸುವ ಪುಟ್ಟ ಅಡಾಪ್ಟರ್, ಎರಡನ್ನೂ ಬಲ್ಲ ಮೌಸಿಗೆ ಮಾತ್ರ. ಮೌಸಿನ ಜೊತೆ ಬಂದದ್ದನ್ನೇ ಬಳಸಿ.