ಸೈಕಲ್ ಕಮ್ಮಿ ಮಾಡಿದ ಮೇಲೆ ನಮ್ಮ ಸೈಕಲ್ ಟೂರ್ ಸರಿಯಾಯ್ತು

ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮ ಅಪ್ಪನಿಗೆ ಒಂದು ಸಣ್ಣ ಸೈಕಲ್ ಅಂಗಡಿ ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುದು, ಪಂಚರ್ ಹಾಕುದು, ರಿಮ್ ಬೆಂಡ್ ತೆಗೆಯುದು, ಅಷ್ಟೆ. ಎಲ್ಲರ ಮನೆಗೂ ಬೈಕ್ ಬಂದ ಮೇಲೆ ಬಾಡಿಗೆ ನಿಂತು ಹೋಯ್ತು, ಅಪ್ಪ ಶಟರ್ ಎಳೆದ್ರು. ನಾನು ಬೆಂಗಳೂರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಸಾಕಾಗಿ ಊರಿಗೆ ಬಂದಾಗ ಆ ಶಟರ್ ಒಳಗೆ ಒಂದು ಪಂಪು, ಒಂದು ರಾಶಿ ಸ್ಪೋಕ್ಸ್, ಬಾಡಿಗೆ ಬರೆಯುವ ನೋಟ್‌ಬುಕ್ ಇತ್ತು. ಅಲ್ಲಿಂದ ಈ ಸೈಕಲ್ ಟೂರ್ ಶುರು ಮಾಡಿದ್ದು. ತುಂಬಾ ಜನ ಮೆಸೇಜ್ ಮಾಡಿ ಹೇಗೆ ಮಾಡಿದ್ರಿ, ನಾವೂ ಮಾಡ್ಬಹುದಾ ಅಂತ ಕೇಳ್ತಾರೆ, ಅದಕ್ಕೆ ಒಮ್ಮೆ ಪೂರ್ತಿ ಬರೆದು ಬಿಡುವ ಅಂತ.

ಮೊದಲನೇ ಟೂರ್ ಏಪ್ರಿಲ್‌ನಲ್ಲಿ ಮಾಡಿದ್ದೇ ತಪ್ಪು. ಬೆಂಗಳೂರಿನ ನನ್ನ ಹಳೆ ಆಫೀಸಿನ ಐದು ಜನ, ಎಲ್ಲ ನಂದಿಬೆಟ್ಟ ಹತ್ತುವವರು, ಅವರೆದುರು ಸಣ್ಣ ರೂಟ್ ಇಟ್ರೆ ನಾಚಿಕೆ ಅಂತ 45 ಕಿಲೋಮೀಟರ್ ಹಾಕಿದೆ. ಕಟಪಾಡಿಯಿಂದ ಮಟ್ಟು, ಪಡುಕೆರೆ, ಮಲ್ಪೆ, ವಾಪಸ್ ಬಂದು ಕಾಪು. ಇಲ್ಲಿ ಏರು ಇಲ್ಲ, ರಸ್ತೆ ಚಪ್ಪಟೆ, ಆದ್ರೆ ಏಪ್ರಿಲ್‌ನ ಸೆಕೆ ಅಂದ್ರೆ ಎಂತ ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲ, ಬೆವರು ಆರುದೇ ಇಲ್ಲ. ಹತ್ತೂವರೆಗೆ ಇಬ್ಬರು ತೆಂಗಿನ ಮರದಡಿ ಮಲಗಿದ್ರು. ಕಾಪು ಮುಟ್ಟುವಾಗ ಮಧ್ಯಾಹ್ನ, 1901ರ ದೀಪಸ್ತಂಭ ಹತ್ತುವ ಅಂದ್ರೆ ಅದಕ್ಕೆ ಬಿಡುದು ಸಂಜೆ, ಗೇಟಿಗೆ ಬೀಗ. ಊರಿನವನಾಗಿ ನನಗೇ ಅದು ನೆನಪಿಲ್ಲ! ಊಟಕ್ಕೆ ಮಟ್ಟುವಿನಲ್ಲಿ ಒಂದು ಮನೆಯಲ್ಲಿ ಹೇಳಿದ್ದೆ, ಒಂದು ಗಂಟೆಗೆ ಅಂತ ಹೇಳಿ ಹೋದದ್ದು ಮೂರು ಕಾಲಿಗೆ.

ಆ ಮನೆಯ ಅಕ್ಕ (ನಮಗೆ ಸ್ವಲ್ಪ ದೂರದ ಸಂಬಂಧ) ಬಾಗಿಲಲ್ಲೇ ಬೆಲ್ಲ ನೀರು ಇಟ್ಕೊಂಡು ಕೂತಿದ್ರು. ಒಳಗೆ ಹೋಗಿ ನೋಡ್ತೇನೆ, ಪನೀರ್ ಬಟರ್ ಮಸಾಲ! ಗೋಬಿ ಮಂಚೂರಿ! ನಾನು ಕೇಳಿದೆ ಎಂತಕ್ಕ ಇದು, ನೀರುದೋಸೆ, ಗುಳ್ಳದ (ಮಟ್ಟುವಿನ ದುಂಡು ಬದನೆ) ಹುಳಿ ಅಂತ ಅಲ್ವಾ ಹೇಳಿದ್ದು ಅಂತ. "ಹೋಗಾ ಮಾರಾಯ, ಬೆಂಗಳೂರಿಂದ ಬಂದವರಿಗೆ ನೀರುದೋಸೆ ಬಡಿಸುದಾ, ಮರ್ಯಾದೆ ಬೇಡ್ವಾ ನಮಗೆ" ಅಂದ್ರು. ಪನೀರ್ ತರ್ಲಿಕ್ಕೆ ಮಗನನ್ನು ಉಡುಪಿಗೆ ಕಳಿಸಿದ್ರಂತೆ ಪಾಪ.

ಊಟ ಮುಗಿದು ಎಲ್ಲ ಜಗಲಿಯಲ್ಲಿ ಬಿದ್ಕೊಂಡಿದ್ದಾಗ ಹಿಂದಿನ ಬಾಗಿಲಲ್ಲಿ ಅಕ್ಕನ ಅತ್ತೆ ಮೂಡೆ (ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಎಲೆಯ ಕೊಟ್ಟೆ) ಕಟ್ತಾ ಕೂತಿದ್ರು, ಮರುದಿನ ಮನೆಯಲ್ಲಿ ಏನೋ ವಿಶೇಷ ಇತ್ತು. ಮುಂಡೇವಿನ (ಕೇದಗೆ ಜಾತಿಯ ಗಿಡ) ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ ಕೊಳವೆ ಹಾಗೆ ಮಾಡಿ ತೆಂಗಿನ ಗರಿಯ ಕಡ್ಡಿ ಚುಚ್ಚಿ ನಿಲ್ಲಿಸುದು. ಒಬ್ಬ ಹುಡುಗಿ ಹೋಗಿ ಪಕ್ಕದಲ್ಲಿ ಕೂತಳು, ಮತ್ತೊಬ್ಬ ಬಂದ, ಕಡೆಗೆ ಐದೂ ಜನ ಅಲ್ಲೇ. ಎರಡು ಗಂಟೆ ಕೂತರು ಮಾರ್ರೆ. ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ, ತುಳುವೇ, ಅವರಲ್ಲಿ ಮೂವರಿಗೆ ಕನ್ನಡವೂ ಬರುದಿಲ್ಲ, ಆದ್ರೂ ಕೆಲಸ ನಡೀತು. ಕಡ್ಡಿ ತಪ್ಪಿ ಚುಚ್ಚಿದ್ರೆ ಅಜ್ಜಿ ಕೈಗೆ ಮೆಲ್ಲ ಒಂದು ಪೆಟ್ಟು. ಹೋಗುವಾಗ ಆ ಐದು ಜನ ನನಗೆ ಹೇಳಿದ್ದು ಸಮುದ್ರದ ವಿಷಯ ಅಲ್ಲ, ಸೈಕಲ್ ವಿಷಯ ಅಂತೂ ಅಲ್ಲವೇ ಅಲ್ಲ.

ಆ ರಾತ್ರಿಯೇ ರೂಟ್ ಕಟ್ ಮಾಡಿದೆ. ಈಗ ಒಟ್ಟು 16 ಕಿಲೋಮೀಟರ್, ಅದರಲ್ಲೂ ಒಂದೇ ಸಲಕ್ಕೆ ಐದಾರು ಕಿಲೋಮೀಟರಿಗಿಂತ ಜಾಸ್ತಿ ತುಳಿಸುದಿಲ್ಲ. ಬೆಳಿಗ್ಗೆ ಆರೂವರೆಗೆ ಶುರು, ಹತ್ತು ಗಂಟೆಗೆ ಸೈಕಲ್ ಸ್ಟ್ಯಾಂಡ್ ಹಾಕಿ ಆಗ್ಬೇಕು, ಅಲ್ಲಿಂದ ಎರಡೂವರೆ ತನಕ ಅಡುಗೆಮನೆ. ನವೆಂಬರಿಂದ ಫೆಬ್ರವರಿ ತನಕ ಮಾತ್ರ. ಮಾರ್ಚಿನಲ್ಲಿ ಯಾರಾದ್ರೂ ಹಠ ಮಾಡಿದ್ರೆ ಇನ್ನೂ ಬೇಗ ಹೊರಡುದು. ಮಳೆಗಾಲದಲ್ಲಿ ಬಂದ್, ಕಡಲ್ಕೊರೆತ ಶುರುವಾದ್ರೆ ಬೀಚ್ ರಸ್ತೆಯ ಮೇಲೇ ಅಲೆ ಬರ್ತದೆ. ಆಟಿಯಲ್ಲಿ (ತುಳುವಿನ ಮಳೆಗಾಲದ ತಿಂಗಳು) ಪತ್ರೊಡೆ ತಿನ್ಲಿಕ್ಕೆ ಬರ್ತೇವೆ ಅಂತ ಕೇಳುವವರಿಗೆ ಕಾರಲ್ಲಿ ಬನ್ನಿ ಅಂತೇನೆ.

ಸೈಕಲ್ ವಿಷಯ ಬೇಗ ಹೇಳಿ ಮುಗಿಸ್ತೇನೆ. ಈ ಕರಾವಳಿ ರೂಟಿಗೆ ಗೇರ್ ಬೇಡ. ನಾನು ಮೊದಲು ಗೇರಿನ ನಾಲ್ಕು ಸೈಕಲ್ ತೆಗೊಂಡು ದುಡ್ಡು ದಂಡ ಮಾಡಿದೆ, ಉಪ್ಪುಗಾಳಿಗೆ ಒಂದೇ ಸೀಸನ್‌ನಲ್ಲಿ ಕೇಬಲ್ ಎಲ್ಲ ಜಾಮ್. ಈಗ ಎಂಟು ಸಿಂಗಲ್ ಸ್ಪೀಡ್ ಉಂಟು, ಅಲಾಯ್ ರಿಮ್, ಟಯರ್ ಸ್ವಲ್ಪ ದಪ್ಪ. ತೆಳು ಟಯರ್ ರಸ್ತೆ ಮೇಲೆ ಬಿದ್ದ ಹೊಯಿಗೆಯಲ್ಲಿ (ಮರಳಲ್ಲಿ) ಜಾರ್ತದೆ. ಹೊಯಿಗೆ ಕಂಡ್ರೆ ಮುಂದಿನ ಬ್ರೇಕ್ ಹಿಡೀಬೇಡಿ ಅಂತ ಹೊರಡುವ ಮೊದಲು ಮೂರು ಸಲ ಹೇಳ್ತೇನೆ. ಒಬ್ಬರು ಹಿಡಿದು ಮೊಣಕಾಲು ಸುಲಿಸಿಕೊಂಡ ಮೇಲೆ ಶುರು ಮಾಡಿದ ಅಭ್ಯಾಸ ಇದು. ಮನೆಗೆ ಬಂದ ಕೂಡ್ಲೆ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ. ನಾಳೆ ಮಾಡುವ ಅಂತ ಇಟ್ರೆ ನಾಳೆಗೆ ಕೆಂಪು ಆಗಿರ್ತದೆ. ಬುಕ್ ಮಾಡುವಾಗಲೇ ಎಲ್ಲರ ಎತ್ತರ ಕೇಳಿ ಸೀಟ್ ಸೆಟ್ ಮಾಡಿ ಇಡ್ತೇನೆ, ಇಲ್ಲದಿದ್ರೆ ಬೆಳಿಗ್ಗೆ ಅರ್ಧ ಗಂಟೆ ಸ್ಪ್ಯಾನರ್ ಹಿಡ್ಕೊಂಡು ಹೋಗ್ತದೆ.

ಹೈವೇ 66 ದಾಟುವುದು ಬೇಡ ಅಂತ ತೀರ್ಮಾನ ಮಾಡಿದ್ದು ಒಳ್ಳೆದಾಯ್ತು. ಶಂಕರಪುರ ಹೈವೇಯ ಮೂಡು ಬದಿ, ಮಲ್ಲಿಗೆ ತೋಟ ತೋರಿಸದೆ ಇರ್ಲಿಕ್ಕೆ ಮನಸ್ಸು ಬರುದಿಲ್ಲ, ಹಾಗಾಗಿ ಉಳ್ಕೊಳ್ಳುವವರಿಗೆ ಮರುದಿನ ಬೆಳಿಗ್ಗೆ ರಿಕ್ಷಾದಲ್ಲಿ ಕರ್ಕೊಂಡು ಹೋಗ್ತೇನೆ. ಮೊಗ್ಗು ಅರಳುವ ಮೊದಲೇ ಕೊಯ್ದು ಬಾಳೆ ನಾರಿನಲ್ಲಿ ಕಟ್ಟುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ 3200 ಹೂ ಬೆರಳಲ್ಲೇ ಕಟ್ಟಬೇಕು. ಒಬ್ಬರು ನಾನು ಒಂದು ಚೆಂಡು ಕಟ್ತೇನೆ ಅಂತ ಕೂತು ನಲವತ್ತಕ್ಕೆ ಎದ್ದರು.

ಸೈಕಲ್‌ನಲ್ಲಿ ನಿಲ್ಲುವ ಜಾಗ ಮೂರೇ. ಒಂದು ಪಡುಕೆರೆ ಕಡೆಯ ರಸ್ತೆ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ನಾವು. ಅಲ್ಲಿ ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಮೀನಿನ ಬಲೆ) ಎಳೀತಾ ಇದ್ರೆ ನಿಲ್ಲಿಸಿ ಹಗ್ಗಕ್ಕೆ ಕೈ ಹಾಕ್ಬಹುದು, ಯಾರೂ ಬೇಡ ಅನ್ನುದಿಲ್ಲ, ಆದ್ರೆ ಎಳೆಯುದು ಬಿಟ್ಟು ಸೆಲ್ಫಿಗೆ ನಿಂತ್ರೆ ಬೈತಾರೆ, ಬೈಬೇಕು ಕೂಡ. ಎರಡನೆಯದು ಹೊಳೆಯ ಕಿಂಡಿ ಅಣೆಕಟ್ಟು, ಉಪ್ಪುನೀರು ಗದ್ದೆಗೆ ಬಾರದ ಹಾಗೆ ಹಲಗೆ ಹಾಕುದು ಇಲ್ಲೇ. ಅದನ್ನು ನೋಡಿದ ಮೇಲೆ ಮೂರನೆಯದು, ಗುಳ್ಳದ ಗದ್ದೆ. ಏಣಿಲು (ಮಳೆಗಾಲದ ಬೆಳೆ) ಭತ್ತ ಕೊಯ್ದಾದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ ನೆಡುದು. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದು ಅಂತ ಕತೆ, ಉಡುಪಿ ಕೃಷ್ಣ ಮಠದ ಪರ್ಯಾಯದ ಊಟಕ್ಕೆ ಇದೇ ಗುಳ್ಳ ಆಗ್ಬೇಕು. 2011ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ಬೇರೆ ಊರಿನ ಹಸಿರು ಬದನೆ ತಂದು ಮಟ್ಟುಗುಳ್ಳ ಅಂತ ಮಾರುವವರು ಇರುದ್ರಿಂದ ಬೆಳೆಗಾರರು ಸ್ಟಿಕರ್ ಅಂಟಿಸಿ ಕಳಿಸ್ತಾರೆ. ತೊಟ್ಟಿನ ಮುಳ್ಳು ಚುಚ್ಚಿಸಿಕೊಂಡು ಒಬ್ಬೊಬ್ಬರು ಎರಡೆರಡು ಗುಳ್ಳ ಕೊಯ್ದು, ಅದನ್ನೇ ಚೀಲದಲ್ಲಿ ಹಾಕ್ಕೊಂಡು ಅಕ್ಕನ ಮನೆಗೆ.

ಅಕ್ಕ ಈಗ ಪಕ್ಕಾ ಆಗಿದ್ದಾರೆ. ಗುಳ್ಳ ಹೆಚ್ಚಿ ಕೂಡ್ಲೆ ನೀರಿಗೆ ಹಾಕಿಸ್ತಾರೆ ಕಪ್ಪಾಗದ ಹಾಗೆ. ಇದು ಬೇಗ ಬೇಯ್ತದೆ, ಎರಡು ನಿಮಿಷ ಜಾಸ್ತಿಯಾದ್ರೆ ಪಾತ್ರೆಯಲ್ಲಿ ಗುಳ್ಳವೇ ಇರುದಿಲ್ಲ, ಬರೀ ಹುಳಿ. ಅದಕ್ಕೆ ಸೌಟು ತಮ್ಮ ಕೈಯಲ್ಲೇ ಇಟ್ಕೊಳ್ತಾರೆ. ನೀರುದೋಸೆ ಮಾತ್ರ ಎಲ್ಲರ ಕೈಯಲ್ಲೂ ಮಾಡಿಸುದು. ನೆನೆಸಿದ ಬೆಳ್ತಿಗೆ ಅಕ್ಕಿ, ಸ್ವಲ್ಪ ತೆಂಗಿನಕಾಯಿ, ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಕಡೆಯುದು (ಸ್ವಲ್ಪ ಅವರು ಕಡೀಲಿಕ್ಕೆ, ಉಳಿದದ್ದು ಗ್ರೈಂಡರಿನಲ್ಲಿ ಮೊದಲೇ ರೆಡಿ, ಈ ಗುಟ್ಟು ಹೇಳ್ಬಾರದಿತ್ತು), ಮತ್ತೆ ನೀರು ಹಾಗೆ ತೆಳು ಮಾಡುದು. ಹಿಟ್ಟು ನೋಡಿದ ಕೂಡ್ಲೆ ಎಲ್ಲರೂ ಹೇಳುದು ನೀರು ಜಾಸ್ತಿಯಾಯ್ತು ಅಂತ. ಪುಣೆಯಿಂದ ಬಂದ ಒಬ್ಬರು ಕಾವಲಿಗೆ ಹಿಟ್ಟು ಹಾಕಿ ಮಸಾಲೆದೋಸೆ ಹಾಗೆ ಸೌಟಲ್ಲಿ ತಿರುಗಿಸಿದ್ರು, ಇಡೀ ದೋಸೆ ಸೌಟಿಗೇ ಅಂಟ್ಕೊಂಡು ಬಂತು. "ಹರಡ್ಬೇಡಿ ಮಾರಾಯ್ರೆ, ಎರಚಿ, ಹೊರಗಿಂದ ಒಳಗೆ ಎರಚಿ" ಅಂತ ಅಕ್ಕ ಕೈಸನ್ನೆ. ಕಾವಲಿ ಚೊಯ್ಯ್ ಅಂತ ಸದ್ದು ಮಾಡ್ಬೇಕು, ಮುಚ್ಚಳ ಮುಚ್ಚಬೇಕು, ಮಗುಚಲಿಕ್ಕಿಲ್ಲ, ಮಡಚಿ ತೆಗೆಯುದು. ನಾಲ್ಕನೆಯದು ಸರಿ ಬಂದಾಗ ಅವರು ಫೋನ್ ತೆಗೆದು ಅವರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ರು.

ಮೀನು ತಿನ್ನುವವರಿಗೆ ಬೇರೆ ಮನೆ ಉಂಟು, ಕಡಲ ಬದಿಯಲ್ಲಿ. ಅಲ್ಲಿ ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಮಣ್ಣಿನ ಪಾತ್ರೆಯಲ್ಲಿ. ಅಲ್ಲಿನ ಅಮ್ಮ ಹಿಂದಿನ ದಿನವೇ ಒಂದು ಸಾರು ಮಾಡಿ ಇಟ್ಟಿರ್ತಾರೆ, ಇವತ್ತಿನದ್ದು ಮತ್ತು ನಿನ್ನೆಯದ್ದು ಎರಡೂ ಬಡಿಸಿ ಯಾವುದು ಒಳ್ಳೆದು ಅಂತ ಕೇಳುದು. ಎಲ್ಲರೂ ನಿನ್ನೆಯದ್ದೇ ಅಂತಾರೆ. ಎರಡು ಮನೆ ಒಂದೇ ದಿನ ಸೇರಿಸ್ಲಿಕ್ಕೆ ಹೋಗ್ಬೇಡಿ, ಒಮ್ಮೆ ಮಾಡಿ ಎರಡೂ ಕಡೆ ಬೈಗುಳ ತಿಂದಿದ್ದೇನೆ.

ದುಡ್ಡಿನ ಲೆಕ್ಕ. ತಲೆಗೆ 1800 ರೂಪಾಯಿ ತೆಗೊಳ್ತೇನೆ, ಅದರಲ್ಲಿ 700 ಅಡುಗೆ ಮನೆಗೆ. ಜಾಸ್ತಿ ಆಯ್ತು ಅಂತ ನನ್ನ ಫ್ರೆಂಡ್ಸ್ ಹೇಳ್ತಾರೆ, ಆದ್ರೆ ಜನ ಬರುದು ಆ ಅಡುಗೆಮನೆಗೆ, ನನ್ನ ಸೈಕಲಿಗೆ ಅಲ್ಲ. ದುಡ್ಡು ಆವತ್ತೇ, ಸಾಮಾನು ತರ್ಲಿಕ್ಕೆ ಹಿಂದಿನ ದಿನ ಅಡ್ವಾನ್ಸ್. ಶುರುವಲ್ಲಿ ಒಂದು ಬುಕಿಂಗ್ ಸೈಟ್ ಮೂಲಕ ಜನ ಬರ್ತಿದ್ರು, ಕಮಿಷನ್ ಕತ್ತರಿಸಿ ದುಡ್ಡು ಒಂದೂವರೆ ತಿಂಗಳಿಗೆ ಹಾಕ್ತಿದ್ರು, ಅಲ್ಲಿಯ ತನಕ ಅಕ್ಕನಿಗೆ ನಾನು ಕೈಯಿಂದ ಕೊಡ್ಬೇಕು. ಬಿಟ್ಟೆ. ಈಗ ಬಂದವರು ಹೇಳಿ ಬಂದವರೇ ಜಾಸ್ತಿ. ಕಳೆದ ಸೀಸನ್‌ನಲ್ಲಿ 31 ಟ್ರಿಪ್ ಆಯ್ತು, ಹೊಟ್ಟೆಪಾಡಿಗೆ ಇದೊಂದೇ ಸಾಕಾಗುದಿಲ್ಲ. ರಿಪೇರಿ ಅಂಗಡಿ ಶಟರ್ ಕೂಡ ಮತ್ತೆ ತೆಗೆದಿದ್ದೇನೆ.

ಎಲ್ಲರೂ ಕೇಳುದು ಕೋಲ (ದೈವಾರಾಧನೆ) ತೋರಿಸ್ತೀರಾ ಅಂತ. ಇಲ್ಲ. ಟೂರ್ ಲಿಸ್ಟಿನಲ್ಲಿ ಅದನ್ನು ಹಾಕುದಿಲ್ಲ, ಅದು ಒಂದು ಮನೆಯವರ, ಒಂದು ಊರಿನವರ ನಂಬಿಕೆ, ಟೈಮ್ ಟೇಬಲ್ ಹಾಕಿ ತೋರಿಸುವ ಐಟಂ ಅಲ್ಲ. ಯಕ್ಷಗಾನ ಬೇರೆ. ಹರಕೆ ಆಟ ಎಲ್ಲಾದ್ರೂ ಹತ್ತಿರ ಇದ್ರೆ ಕರ್ಕೊಂಡು ಹೋಗ್ತೇನೆ, ಮೊದಲೇ ಕೇಳಿ ಚೌಕಿಯಲ್ಲಿ (ವೇಷ ಹಾಕುವ ಜಾಗ) ಒಂದು ಮೂಲೆಯಲ್ಲಿ ಸುಮ್ಮನೆ ಕೂರಿಸ್ತೇನೆ. ಕನ್ನಡಿ ಎದುರು ಕೂತು ಬಣ್ಣ ಹಚ್ಚುದನ್ನು ನೋಡಿದವರು ರಂಗಸ್ಥಳಕ್ಕೆ ಬರ್ಲಿಕ್ಕೇ ಒಪ್ಪುದಿಲ್ಲ.

ಈ ವರ್ಷ ಇನ್ನೊಂದು ರೂಟ್ ನೋಡ್ತಾ ಇದ್ದೇನೆ, ಮಲ್ಪೆಯಿಂದ ಹೂಡೆ, ಕೋಡಿಬೆಂಗ್ರೆ. ಸುವರ್ಣಾ ಮತ್ತು ಸೀತಾ ಹೊಳೆ ಸಮುದ್ರ ಸೇರುವ ಜಾಗ, ರಸ್ತೆ ಅಲ್ಲಿಗೆ ಮುಗೀತದೆ. ಎರಡು ಸಲ ಒಬ್ಬನೇ ತುಳಿದು ಬಂದೆ, ರೂಟ್ ಚಂದ ಉಂಟು, ನೆರಳೂ ಉಂಟು, ಆದ್ರೆ ಅಡುಗೆಗೆ ಮನೆ ಸಿಕ್ಕಿಲ್ಲ. ಎರಡನೇ ಸಲ ಹೋದಾಗ ಹೊಳೆ ಬದಿಯಲ್ಲಿ ಒಬ್ಬರು ಮರುವಾಯಿ (ಹೊಳೆಯ ಚಿಪ್ಪು) ತೊಳೀತಾ ಇದ್ರು, ಸೈಕಲ್ ನಿಲ್ಲಿಸಿ ವಿಷಯ ಹೇಳಿದೆ. ಪೂರ್ತಿ ಕೇಳಿದ್ರು. "ಇದನ್ನು ತಿನ್ಲಿಕ್ಕೆ ದುಡ್ಡು ಕೊಟ್ಟು ಬರ್ತಾರಾ?" ಅಂದ್ರು. ಬರ್ತಾರೆ ಅಂದೆ. ಸ್ವಲ್ಪ ಯೋಚನೆ ಮಾಡಿ, "ಅವರಿಗೆ ಪನೀರ್ ಏನಾದ್ರೂ ಮಾಡ್ಬೇಕಾಗ್ತದಾ?" ಅಂತ ಕೇಳಿದ್ರು. ಬರುವ ವಾರ ಅಕ್ಕನನ್ನೇ ಕರ್ಕೊಂಡು ಹೋಗುವ ಅಂತ ಇದ್ದೇನೆ.