ನಳ ಬರುವ ದಿನವೇ ಡ್ರಮ್ ಉಜ್ಜುವ ದಿನ

2020ರಲ್ಲಿ ಲಾರ್ವಾ (ನೀರಿನಲ್ಲಿ ಬೆಳೆಯುವ ಸೊಳ್ಳೆಮರಿ) ಸಮೀಕ್ಷೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯರ ಹೆಗಲಿಗೆ ಕೋವಿಡ್ ಕೆಲಸ ಬಿತ್ತು. ಅವರು ಬಂದರೂ ಹೊಸ್ತಿಲೊಳಗೆ ಕರೆಯಲು ಜನರಿಗೆ ಭಯ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಲಾಕ್‌ಡೌನ್ ಇರಲಿಲ್ಲ. ಅಂಥ ದಿನಗಳು ಮತ್ತೆ ಬಂದರೆ ಸಮೀಕ್ಷೆಯನ್ನು ಮನೆಯವರೇ ಮಾಡಿಕೊಳ್ಳಬೇಕು. ನಳಕ್ಕೆ ದಿನಗಟ್ಟಲೆ ಕಾಯುವ ರಾಯಚೂರಿನ ಓಣಿಗಳಲ್ಲಿ ‘ನೀರು ತುಂಬಿಡಬೇಡಿ’ ಎಂದು ಬೋಧಿಸಿ ಫಲವಿಲ್ಲ. ತುಂಬಿಡುವ ಬಗೆಯನ್ನು ಬದಲಿಸಿಕೊಳ್ಳಬಹುದು.

ಮೊದಲು ಡ್ರಮ್ಮಿನೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿ. ದಾರದ ತುಂಡಿನಂಥ ಮರಿಗಳು ತಲೆಕೆಳಗಾಗಿ ಮೇಲ್ಮೈಗೆ ಜೋತಿರುತ್ತವೆ. ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿಯುತ್ತವೆ. ಅವಸರ ಪಡದೆ ನಿಲ್ಲಿ, ಉಸಿರಿಗಾಗಿ ಮತ್ತೆ ಮೇಲೆ ಬರಲೇಬೇಕು.

ನಳ ಬರುವ ಮುಂಚೆ ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಕೆಗೆ ತೆಗೆದಿಡಿ. ಡ್ರಮ್ ಬೋರಲು ಹಾಕಿದರೆ ಕೆಲಸ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಈಡಿಸ್ ಮೊಟ್ಟೆಗಳು ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ, ಹೊಸ ನೀರು ತಾಗಿದರೆ ಒಡೆಯುತ್ತವೆ. ಆದ್ದರಿಂದ ತೆಂಗಿನ ನಾರಿನಿಂದ ಒಳಗೋಡೆಯನ್ನು, ಅದರಲ್ಲೂ ಆ ಗೆರೆಯನ್ನು, ತಿಕ್ಕಿ ತೊಳೆಯಿರಿ. ಮೊಟ್ಟೆ ಸೊಳ್ಳೆಯಾಗಲು ಸೆಕೆಯಲ್ಲಿ ಒಂದು ವಾರ ಸಾಕು. ವಾರಕ್ಕೊಮ್ಮೆ ಇದು ತಪ್ಪಬಾರದು. ತುಂಬಿದ ಮೇಲೆ ಹಳೆಯ ಪಂಚೆಯನ್ನು ಬಾಯಿಗೆ ಬಿಗಿದು ಹಗ್ಗ ಕಟ್ಟಿ. ಸಡಿಲ ಮುಚ್ಚಳವನ್ನು ನಾನಂತೂ ನಂಬುವುದಿಲ್ಲ.

ಏರ್ ಕೂಲರ್ ತೊಟ್ಟಿ, ಫ್ರಿಜ್ ಹಿಂಬದಿಯ ತಟ್ಟೆ, ಮಾಳಿಗೆಯ ಟೈರುಗಳನ್ನೂ ಬಿಡಬೇಡಿ. ದನದ ಕಲ್ಲುಬಾನಿಯಲ್ಲಿ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು.

ಹೊಗೆ ಹೊಡೆಸಿ ಎಂದು ವಾರ್ಡ್ ಸದಸ್ಯರ ಬೆನ್ನು ಹತ್ತುವುದು ಸುಲಭ. ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಮರಿಗಳನ್ನಲ್ಲ. ಕೋವಿಡ್ ಕಾಲದಲ್ಲಿ ಬೀದಿಗೆ ಸಿಂಪಡಿಸಿದ ಸೋಂಕುನಿವಾರಕ ಹೈಪೋಕ್ಲೋರೈಟ್‌ಗೂ ಡ್ರಮ್ಮಿನೊಳಗಿನ ಮರಿಗೂ ಸಂಬಂಧವಿಲ್ಲ.

ಅಂಥ ದಿನಗಳಲ್ಲಿ ಜ್ವರ ಬಂದರೆ ಕೋವಿಡ್ ಪರೀಕ್ಷೆಯ ಜೊತೆಗೆ ಡೆಂಗಿ, ಮಲೇರಿಯಾ ಪರೀಕ್ಷೆಗೂ ರಕ್ತ ಕೊಡಿ. ಒಂದಿದ್ದರೆ ಮತ್ತೊಂದು ಇರಬಾರದೆಂದಿಲ್ಲ. ವರದಿ ಬರುವವರೆಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಲ್ಲವು. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನಗಳಲ್ಲೇ ಹೆಚ್ಚು ಅಪಾಯ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಮಾಸ್ಕ್ ಹಾಕಿಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ. ಮನೆಯಲ್ಲೇ ಮಲಗಿದ ರೋಗಿಗೆ ಹಗಲೂ ಸೊಳ್ಳೆಪರದೆ ಕಟ್ಟಿ, ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲೇ.